ಗಾಣದಜ್ಜಾರು ಕೊಟ್ಟ ಹರಳೆಣ್ಣೆ

ಹೋದ ವಾರ ಸೊಸೆ ಅಟ್ಟ ಗುಡಿಸುವಾಗ ಒಂದು ಬಾಟಲಿ ಜಾರಿ ಕೆಳಗೆ ಬಿತ್ತು. ರಾಗಿ ಚೀಲದ ಮೇಲೆ ಬಿದ್ದಿದ್ದರಿಂದ ಒಡೆಯಲಿಲ್ಲ, ಬಿರಡೆ ಮಾತ್ರ ಹಾರಿಹೋಯಿತು. ದಪ್ಪ ಎಣ್ಣೆ ಚೀಲದ ಮೇಲಿಂದ ನಿಧಾನಕ್ಕೆ ಇಳಿಯತೊಡಗಿತು. ನಾನು ಅಡುಗೆಮನೆಯಲ್ಲಿದ್ದೆ, ವಾಸನೆ ಅಲ್ಲಿಗೇ ಬಂತು. ಹರಳೆಣ್ಣೆ... ವರ್ಷಗಟ್ಟಲೆ ಮುಚ್ಚಿಟ್ಟು ಕಮಟು ಹಿಡಿದ ಹರಳೆಣ್ಣೆ.

"ಅತ್ತೆ, ತುಂಬಿದ ಬಾಟ್ಲಿನ ಹಂಗೇ ಇಟ್ಟಿದೀರಲ್ಲ, ಒಂದಿನಾನೂ ಬಳಸಿಲ್ವಾ?" ಎಂದು ಸೊಸೆ ಕೇಳಿದಳು. ಎಣ್ಣೆಯನ್ನು ನಾನು ಮುಟ್ಟಿರಲೇ ಇಲ್ಲ, ಆದರೂ ಎರಡೂ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ನಿಂತಿದ್ದೆ. ಈ ವಾಸನೆ ಬಂದರೆ ನನ್ನ ಕೈಗಳು ತಾವಾಗಿಯೇ ಹಾಗೆ ಮಾಡುತ್ತವೆ.

ಆ ಬಾಟಲಿ ಕೊಟ್ಟವರು ಗಾಣದಜ್ಜಾರು. ಅವರ ಹೆಸರು ಬರೆಯುವುದಿಲ್ಲ. ಮೂವತ್ತು ವರ್ಷ ಅವರ ಕಾಂಪೌಂಡಿನಲ್ಲೇ ಬದುಕಿದ ನಾನು ಒಂದು ದಿನವೂ ಅವರನ್ನು ಹೆಸರು ಹಿಡಿದು ಕರೆದವಳಲ್ಲ. ಅವರು ಜೀವಮಾನವಿಡೀ ಕಾಪಾಡಿಕೊಂಡು ಬಂದಿದ್ದ ಒಂದೇ ಒಂದು ವಸ್ತುವನ್ನು ಹಾಳು ಮಾಡಿದವಳು ನಾನು. ಮಾಡಿದ್ದನ್ನು ಅವರ ಮುಂದೆ ಒಪ್ಪಿಕೊಳ್ಳಲೂ ಇಲ್ಲ. ಈಗ ಬರೆಯಲು ಕೂತಿದ್ದೇನೆ, ಓದಬೇಕಾದವರು ಇಲ್ಲ.

ನಾನು ಮದುವೆಯಾಗಿ ಮಾಡದಕೆರೆ ಕಡೆಯಿಂದ ಹೊಸದುರ್ಗಕ್ಕೆ ಬಂದಾಗ ನನ್ನ ಗಂಡ ಅಜ್ಜಾರ ಎಣ್ಣೆ ಗಾಣದಲ್ಲಿ ಕೆಲಸಕ್ಕಿದ್ದರು. ಗಾಣ ಎಂದರೆ ಎತ್ತು ಕಟ್ಟುವ ಗಾಣವಲ್ಲ, ಬೆಲ್ಟು ಹಾಕಿದ ಕರೆಂಟಿನ ಗಾಣ. ಕೊಬ್ಬರಿ, ಕಡ್ಲೆಕಾಯಿ, ಹರಳು, ಹೊಂಗೆ, ಯಾವುದು ತಂದರೂ ಹಿಂಡಿ ಕೊಡುತ್ತಿದ್ದರು. ಹಿಂದುಗಡೆ ಎರಡು ಕೋಣೆಯ ಮನೆ ನಮಗೆ ಕೊಟ್ಟಿದ್ದರು. ಅಜ್ಜಾರಿಗೆ ಆಗ ಐವತ್ತೂ ದಾಟಿರಲಿಕ್ಕಿಲ್ಲ. ಆದರೆ ಎದೆವರೆಗೆ ಬಿಳಿ ಗಡ್ಡ ಇತ್ತು, ಊರೆಲ್ಲ ಅಜ್ಜಾರು ಎನ್ನುತ್ತಿತ್ತು. ಅವರ ಹೆಂಡತಿ, ಊರವರ ಬಾಯಲ್ಲಿ ಅಜ್ಜಿ, ತೀರಿಕೊಂಡು ಎರಡು ವರ್ಷವಾಗಿತ್ತು. ಮಕ್ಕಳಿರಲಿಲ್ಲ.

ಅವರು ಯೆಹೂದಿಗಳು. ಅವರ ತಂದೆಯ ಕಾಲಕ್ಕೆ ಕೊಂಕಣದಿಂದ ಬಂದವರು. ಅಲ್ಲಿ ಅವರ ಹಿರಿಯರೆಲ್ಲ ಗಾಣ ಆಡಿಸುತ್ತಿದ್ದರಂತೆ, ಶನಿವಾರ ಮಾತ್ರ ಎತ್ತು ಬಿಚ್ಚಿಬಿಡುತ್ತಿದ್ದರಂತೆ. ಇಲ್ಲೂ ಹಾಗೆಯೇ. ಲಾರಿಗಟ್ಟಲೆ ಕೊಬ್ಬರಿ ಬಂದು ನಿಂತರೂ ಶನಿವಾರ ಬೆಲ್ಟು ತಿರುಗುತ್ತಿರಲಿಲ್ಲ. ಅದಕ್ಕೇ ಊರಿನವರು ಅವರನ್ನು ಶನಿವಾರದೋರು ಅನ್ನುತ್ತಿದ್ದರು. ಗಾಣದ ಮೇಲಿನ ಮಹಡಿ ಅವರ ಪ್ರಾರ್ಥನೆಯ ಜಾಗ. ಹೊರಗೆ ಗೋಪುರವಿಲ್ಲ, ಬೋರ್ಡಿಲ್ಲ. ಒಳಗೆ ಒಂದಿಷ್ಟು ಬೆಂಚು, ಗಾಜಿನ ಲೋಟದಲ್ಲಿ ತೂಗು ಹಾಕಿದ ಕೊಬ್ಬರಿ ಎಣ್ಣೆಯ ದೀಪ, ಪಡುವಣ ಗೋಡೆಗೆ ಒಂದು ಬೀರು. ಊರಿನವರ ಬಾಯಲ್ಲಿ ಅದು ಶನಿವಾರದೋರ ಗುಡಿ.

ಆ ಗುಡಿಗೆ ಪೂಜಾರಿ ಅಂತ ಯಾರೂ ಇರಲಿಲ್ಲ. ಅಜ್ಜಾರು ಓದಿದ್ದು ಏಳನೇ ಕ್ಲಾಸು. ಆದರೆ ಬಾಗಿಲು ತೆಗೆಯುವವರು ಅವರೇ, ಕಸ ಗುಡಿಸುವವರು ಅವರೇ, ಹಬ್ಬ ಯಾವತ್ತು ಅಂತ ಲೆಕ್ಕ ಹಾಕಿ ಕಾಗದ ಬರೆಯುವವರು ಅವರೇ, ಮುಂದೆ ನಿಂತು ಪ್ರಾರ್ಥನೆ ಹೇಳಿಸುವವರೂ ಅವರೇ. ಹೊಳಲ್ಕೆರೆ ಕಡೆ ರೈಲ್ವೆಯಲ್ಲಿದ್ದ ನಾಲ್ಕು ಮನೆಯವರು, ಚಿತ್ರದುರ್ಗದ ಗಣಿಯಲ್ಲಿದ್ದ ಒಬ್ಬರು, ಹಿರಿಯೂರಿನ ಒಬ್ಬ ಕಾಂಪೌಂಡರ್ರು, ಇಷ್ಟೇ ಅವರ ಜನ. ಹಬ್ಬ ಬಂದರೆ ಬಸ್ಸಿಳಿದು, ರೈಲಿಳಿದು ಎಲ್ಲರೂ ಬರುತ್ತಿದ್ದರು. ಮರಾಠಿ, ಕನ್ನಡ, ನಡುವೆ ಅವರ ಪ್ರಾರ್ಥನೆಯ ಭಾಷೆ. ಅವಲಕ್ಕಿಗೆ ಬೆಲ್ಲ, ಕಾಯಿತುರಿ, ಏಲಕ್ಕಿ ಹಾಕಿ ಕಲಸಿ ತಟ್ಟೆಗೆ ತುಂಬುತ್ತಿದ್ದರು, ಮೇಲೆ ಬಾಳೆಹಣ್ಣು. ಪ್ರಾರ್ಥನೆ ಆದಮೇಲೆ ನಮ್ಮ ಮನೆಗೂ ಒಂದು ತಟ್ಟೆ ಬರುತ್ತಿತ್ತು. ದೇವರೊಂದೇ ಬೇರೆ, ಅವಲಕ್ಕಿ ನಮ್ಮದೇ ಎಂದು ನನ್ನ ಗಂಡ ನಗುತ್ತಿದ್ದರು.

ಅವರಲ್ಲಿ ಒಂದು ಕಟ್ಟುಪಾಡಿತ್ತು. ಶುಕ್ರವಾರ ಹೊತ್ತು ಮುಳುಗಿದಾಗಿನಿಂದ ಶನಿವಾರ ಹೊತ್ತು ಮುಳುಗುವವರೆಗೆ ಬೆಂಕಿ ಹೊತ್ತಿಸುವಂತಿಲ್ಲ, ಸ್ವಿಚ್ಚು ಹಾಕುವಂತಿಲ್ಲ. ಇನ್ನೊಬ್ಬರಿಗೆ ಹಾಕು ಎಂದೂ ಹೇಳುವಂತಿಲ್ಲ. ನಾನು ಬಂದ ಹೊಸದರಲ್ಲಿ ಒಂದು ಶುಕ್ರವಾರ ಸಂಜೆ ಅವರು ಸ್ವಿಚ್ಚು ಹಾಕುವ ಮೊದಲೇ ಕರೆಂಟು ಹೋಗಿ, ಹೊತ್ತು ಮುಳುಗಿದ ಮೇಲೆ ಬಂತು, ಅವರ ಮನೆ ಕತ್ತಲಾಗಿಯೇ ಉಳಿದಿತ್ತು. ಅಜ್ಜಾರು ಜಗಲಿಯ ಮೇಲೆ ಕೂತು, "ಕತ್ತಲಾತು ನೋಡವ್ವಾ" ಅಂದರು. ನಾನು, "ಹೂಂ ಅಜ್ಜಾರೆ, ಚಳಿಗಾಲ ಅಲ್ವಾ, ಬೇಗ ಆಗ್ತದೆ" ಎಂದು ಹೇಳಿ ಒಳಗೆ ಹೋಗಿ ಮುದ್ದೆ ತಿರುವಿದೆ. ಗಂಡ ಬಂದು ತಲೆ ತಲೆ ಚಚ್ಚಿಕೊಂಡರು. "ಲೇ, ಅವರು ಬಾಯಿಬಿಟ್ಟು ಕೇಳಂಗಿಲ್ಲ ಕಣೇ. ನಾವೇ ತಿಳ್ಕಬೇಕು."

ಅವತ್ತಿನಿಂದ ನಾನು ತಿಳಿದುಕೊಳ್ಳುವುದನ್ನು ಕಲಿತೆ. ಕತ್ತಲಾತು ಅಂದರೆ ದೀಪ. ತಣ್ಣಗೈತೆ ಅಂದರೆ ಒಲೆಯ ಮೇಲಿನ ಗಂಜಿ ಬಿಸಿ ಮಾಡುವುದು. ಧಗೆ ಅಂದರೆ ಫ್ಯಾನು. ನಾನು ಬಲು ಚುರುಕು ಎಂದು ನನಗೇ ಜಂಬ. ಅಂಗನವಾಡಿ ಟೀಚರ್ ಆದಮೇಲಂತೂ ಕೇಳುವುದೇ ಬೇಡ, ಯಾರಾದರೂ ಏನಾದರೂ ಹೇಳುವ ಮೊದಲೇ ಮಾಡಿ ಮುಗಿಸಿರುತ್ತಿದ್ದೆ. "ನಮ್ಮ ಟೀಚರಮ್ಮಂಗೆ ಮಾತು ಬ್ಯಾಡ, ಕೆಮ್ಮಿದ್ರೆ ಸಾಕು" ಎಂದು ಅಜ್ಜಾರು ಗೇಲಿ ಮಾಡುತ್ತಿದ್ದರು. ಹೇಳದೇ ಇದ್ದದ್ದನ್ನು ಮಾಡುವುದೇ ನನ್ನ ಕೆಲಸ ಎಂದು ನಾನು ಮೂವತ್ತು ವರ್ಷ ನಂಬಿದ್ದೆ. ಈ ನಂಬಿಕೆಯೇ ಮುಂದೆ ನನ್ನ ಕೈಲಿ ಅಂಥಾ ಕೆಲಸ ಮಾಡಿಸಿತು.

ಬೀರುವಿನೊಳಗೆ ಇದ್ದದ್ದು ಅವರ ಧರ್ಮಗ್ರಂಥ. ತೋರಾ ಅನ್ನುತ್ತಾರೆ. ಪುಸ್ತಕದಂತೆ ಅಲ್ಲ, ಉದ್ದನೆಯ ಚರ್ಮದ ಸುರುಳಿ. ಎರಡು ಕೋಲಿಗೆ ಸುತ್ತಿ, ತಲೆಗೆ ಬೆಳ್ಳಿಯ ಗುಂಡು ಇಟ್ಟ ಮರದ ಕರಡಿಗೆಯಲ್ಲಿ ನಿಲ್ಲಿಸಿದ್ದರು. ಅಜ್ಜಾರ ತಂದೆ ಕೊಂಕಣದಿಂದ ಬರುವಾಗ ರೈಲಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ತಂದದ್ದಂತೆ. ನಾನು ಮೆಟ್ಟಿಲ ಬಳಿ ನಿಂತು ನೋಡುತ್ತಿದ್ದೆ. ಓದುವಾಗ ಅಜ್ಜಾರ ಕೈಯಲ್ಲಿ ಒಂದು ಪುಟ್ಟ ಬೆಳ್ಳಿಯ ಕಡ್ಡಿ ಇರುತ್ತಿತ್ತು, ತುದಿಯಲ್ಲಿ ತೋರುಬೆರಳು ಚಾಚಿದ ಹಸ್ತ. ಅಂದಕ್ಕೆ ಇಟ್ಟುಕೊಂಡ ಒಡವೆ ಇರಬೇಕು ಎಂದುಕೊಂಡಿದ್ದೆ.

ಒಂದು ಸಲ, "ಅದು ಯಾವುದರ ಚರ್ಮ ಅಜ್ಜಾರೆ?" ಎಂದು ಕೇಳಿದೆ.

"ಕುರೀದು ಕಣವ್ವಾ."

"ಅಯ್ಯೋ, ನಮ್ಮ ಕುರೀದಾ!" ನಾನು ಕುರುಬರ ಮನೆಯವಳು, ನಮ್ಮಪ್ಪನಿಗೆ ನೂರು ಕುರಿಯ ಹಿಂಡಿತ್ತು.

ಅಜ್ಜಾರು ಗಡ್ಡ ಅಲ್ಲಾಡಿಸಿಕೊಂಡು ನಕ್ಕರು. "ನಮ್ಮ ಮೊದಲ್ನೇ ಹಿರೇರೆಲ್ಲ ಕುರಿ ಕಾದೋರೇ ಕಣವ್ವಾ. ನೀನು ನಮ್ಮೋಳೇ ಬಿಡು." ಆ ಮಾತನ್ನು ನಾನು ಎಷ್ಟು ಜನಕ್ಕೆ ಹೇಳಿಕೊಂಡು ತಿರುಗಿದೆನೋ...

ಆ ಸುರುಳಿಯನ್ನು ಎತ್ತಿ ಓದಬೇಕಾದರೆ ಅವರದೇ ಜನ ಹತ್ತು ಗಂಡಸರು ಇರಬೇಕು. ಒಂಬತ್ತು ಇದ್ದರೂ ಆಗುವುದಿಲ್ಲ. ರೈಲ್ವೆಯವರು ಒಬ್ಬೊಬ್ಬರಾಗಿ ತಮ್ಮ ಜನರ ದೇಶಕ್ಕೆ ಹೊರಟರು. ಗಣಿಯವರು ಮುಂಬಯಿಗೆ ಹೋದರು. ಹತ್ತು ಹೋಗಿ ಏಳಾಯಿತು, ನಾಲ್ಕಾಯಿತು. ಕೊನೆಗೆ ಹಿರಿಯೂರಿನ ಕಾಂಪೌಂಡರ್ರೂ ತೀರಿಕೊಂಡು ಅಜ್ಜಾರೊಬ್ಬರೇ ಉಳಿದರು. ಆದರೂ ಪ್ರತಿ ಶನಿವಾರ ಬೆಳಿಗ್ಗೆ ಬಿಳಿ ಶಾಲು ಹೊದ್ದು ಮಹಡಿ ಹತ್ತುತ್ತಿದ್ದರು. ಹತ್ತು ಜನ ಹೇಳಬೇಕಾದ ಪ್ರಾರ್ಥನೆಗಳನ್ನು ಬಿಟ್ಟು, ಒಬ್ಬರೇ ಹೇಳಬಹುದಾದದ್ದನ್ನು ಮಾತ್ರ ಹೇಳಿ, ಬೀರುವಿನ ಬಾಗಿಲಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು ಇಳಿದು ಬರುತ್ತಿದ್ದರು. ಬೀರು ತೆಗೆಯುತ್ತಿರಲಿಲ್ಲ. ಸುರುಳಿ ಬಿಚ್ಚದೆ ಹದಿನಾಲ್ಕು ವರ್ಷವಾಯಿತು ಎಂದು ಒಂದು ದಿನ ಅಂದರು. ಓದುವವರಿಲ್ಲದ ಗ್ರಂಥವನ್ನು ಒಬ್ಬ ಮುದುಕ ಕಾಯುತ್ತಾ ಕೂತಿದ್ದರು.

ಮುಂಬಯಿಯ ಹಿರಿಯರಿಂದ ಕಾಗದ ಬರುತ್ತಲೇ ಇತ್ತು. ಅಲ್ಲಿ ಹತ್ತು ಜನ ಇಲ್ಲ, ಸುರುಳಿಯನ್ನು ಜನ ಇರುವ ಕಡೆಗೆ ಕೊಟ್ಟುಬಿಡಿ ಎಂದು. ಅಜ್ಜಾರು ಒಪ್ಪುತ್ತಿರಲಿಲ್ಲ. ಆಮೇಲೆ ಅವರಿಗೆ ಎಂಬತ್ತು ಹತ್ತಿರ ಬಂತು. ಗಾಣ ನಿಂತಿತು. ಒಂದು ದಿನ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ದುರ್ಗದ ಆಸ್ಪತ್ರೆಗೆ ಸೇರಿಸಿದೆವು. ಆ ಮಂಚದ ಮೇಲೆ ಮಲಗಿಕೊಂಡೇ ಅವರು ತೀರ್ಮಾನ ಮಾಡಿದರು. ಅವರಲ್ಲಿ ಒಂದು ಹಬ್ಬವಿದೆ. ವರ್ಷವಿಡೀ ಓದಿದ ಗ್ರಂಥದ ಕೊನೆಯ ಸಾಲು ಮುಗಿಸಿ, ಅವತ್ತೇ ಮೊದಲ ಸಾಲಿನಿಂದ ಮತ್ತೆ ಶುರು ಮಾಡುತ್ತಾರೆ. ಸುರುಳಿಯನ್ನು ಎತ್ತಿಕೊಂಡು ಕುಣಿಯುತ್ತಾರೆ. ಆ ಹಬ್ಬಕ್ಕೆ ಒಂಬತ್ತು ಜನ ಬನ್ನಿ, ನಾನೊಬ್ಬ ಸೇರಿ ಹತ್ತಾಗುತ್ತೇವೆ, ಈ ಗುಡಿಯಲ್ಲಿ ಒಂದೇ ಒಂದು ಸಲ ಓದೋಣ, ಆಮೇಲೆ ಸುರುಳಿಯನ್ನು ನೀವೇ ಕೊಂಡೊಯ್ಯಿರಿ ಎಂದು ಫೋನಿನ ಮೇಲೆ ಫೋನು ಮಾಡಿ ಒಪ್ಪಿಸಿದರು.

"ಇಲ್ಲಿ ನನ್ ಜೊತೆ ಸಾಯಾದು ಬ್ಯಾಡ ತಾಯಿ ಅದು. ಅಲ್ಲಿಗಾದ್ರೂ ಹೋಗಿ ಬದುಕ್ಕಳ್ಲಿ" ಅಂದರು. ಅವರ ಕಣ್ಣಲ್ಲಿ ನೀರು ನೋಡಿದ್ದು ಆವತ್ತೇ.

ದಿಂಬಿನ ಕೆಳಗಿಂದ ಗುಡಿಯ ಬೀಗದ ಕೈ ತೆಗೆದು ನನಗೆ ಕೊಟ್ಟರು. "ದೀಪಕ್ಕೆ ಎಣ್ಣೆ ಹಾಕು, ಕಸ ಹೊಡಿ. ಅಷ್ಟು ಮಾಡು, ಸಾಕವ್ವಾ."

ಸಾಕು ಅಂದಿದ್ದರು. ನನ್ನ ಕಿವಿಗೆ ಅದು ಬೀಳಲಿಲ್ಲ.

ಆ ವರ್ಷ ಮಳೆ ಚೆನ್ನಾಗಿತ್ತು. ನಮ್ಮ ಕಡೆ ಮಳೆ ಚೆನ್ನಾಗಿ ಬಂದರೆ ಜನ ಕುಣಿಯಬೇಕು, ನಾನೂ ಕುಣಿದೆ. ಒಂದು ದಿನ ಗುಡಿಯ ಕಸ ಹೊಡೆಯುವಾಗ ಬೀರುವಿನ ಹಿಂದಿನ ಗೋಡೆ ತೇವ ಎಳೆದಿರುವುದು ಕಂಡಿತು. ಮೂಗಿಗೆ ಬೂಷ್ಟಿನ ವಾಸನೆ ಬಂತು. ಬೀರು ತೆಗೆದೆ. ತೆಗೆಯಬಾರದು ಎಂದು ಯಾರೂ ಹೇಳಿರಲಿಲ್ಲ, ಹೇಳಬೇಕಾದ ಅಗತ್ಯ ಅಜ್ಜಾರಿಗೆ ತೋರಿರಲಿಕ್ಕಿಲ್ಲ. ಕರಡಿಗೆ ಬಿಚ್ಚಿದೆ. ಸುರುಳಿಯ ಅಂಚಿನಲ್ಲಿ ಬೆಳ್ಳಗೆ ಬೂಷ್ಟು ಹಿಡಿದಿತ್ತು. ಹಬ್ಬಕ್ಕೆ ಇನ್ನು ಹದಿನೈದು ದಿನ.

ಹಸಿ ಹಿಡಿದ ಚರ್ಮಕ್ಕೆ ಏನು ಮಾಡಬೇಕು ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಮ್ಮಪ್ಪ ಡೊಳ್ಳು ಬಡಿಯುತ್ತಿದ್ದ. ಮಳೆಗಾಲ ಕಳೆದು ಡೊಳ್ಳಿನ ಚರ್ಮ ಬೂಷ್ಟು ಹಿಡಿದರೆ, ಕಂಬಳಿ ಹಾಸಿ ಬಿಸಿಲಿಗಿಟ್ಟು, ಹಳೇ ಬಟ್ಟೆಯಲ್ಲಿ ಹರಳೆಣ್ಣೆ ಅದ್ದಿ ಚೆನ್ನಾಗಿ ತಿಕ್ಕುತ್ತಿದ್ದ. ಒಂದೇ ದಿನಕ್ಕೆ ಚರ್ಮ ಜೀವ ಬಂದಂತಾಗುತ್ತಿತ್ತು. ಚಿಕ್ಕವಳಿದ್ದಾಗಿಂದ ನೋಡಿದ್ದ ಕೆಲಸ. ಕುರಿಯ ಚರ್ಮ, ಕುರುಬರ ಮಗಳು, ಇದಕ್ಕಿಂತ ಇನ್ನೇನು ಬೇಕು ಎಂದುಕೊಂಡೆ. ಮೇಲಾಗಿ ಅಜ್ಜಾರೇ ಹೇಳಿದ್ದರಲ್ಲ, ನೀನು ನಮ್ಮೋಳೇ ಅಂತ.

ಮನೆಯಿಂದ ತವರಿನ ಕಂಬಳಿ ತಂದೆ. ಗುಡಿಯ ಮುಂದಿನ ಬಿಸಿಲುಮಚ್ಚಿನ ಮೇಲೆ ಹಾಸಿ, ಸುರುಳಿಯನ್ನು ನಾಲ್ಕು ಮಾರು ಬಿಚ್ಚಿದೆ. ಮನೆಯಲ್ಲಿದ್ದ ಹರಳೆಣ್ಣೆ ಬಾಟಲಿ ಪೂರ್ತಿ ಮುಗಿಯುವವರೆಗೆ ತಿಕ್ಕಿದೆ. ಬಟ್ಟೆ ಕರ್ರಗಾಯಿತು. ಎಷ್ಟು ವರ್ಷದ ಕೊಳೆಯಪ್ಪಾ ಎಂದು ಬಟ್ಟೆ ಬದಲಾಯಿಸಿ ಮತ್ತೆ ತಿಕ್ಕಿದೆ. ಅದೂ ಕರ್ರಗಾಯಿತು. ಆ ಅಕ್ಷರ ನನಗೆ ಓದಲು ಬರುವುದಿಲ್ಲ. ಯಾವುದು ಅಕ್ಷರ, ಯಾವುದು ಕಲೆ, ನನಗೇನು ಗೊತ್ತು... ಮಧ್ಯಾಹ್ನದ ಹೊತ್ತಿಗೆ ಚರ್ಮ ಬಿಸಿಲಿಗೆ ಹಪ್ಪಳದಂತೆ ಮುದುರತೊಡಗಿತು. ಬಾಗಿ ನೋಡಿದೆ. ಕೆಲವು ಕಡೆ ಸಾಲುಗಳು ಮಾಸಿದ್ದವು. ಕೆಲವು ಕಡೆ ಕಪ್ಪು ಹೊಪ್ಪಳೆಯಾಗಿ ಎದ್ದು ಕಂಬಳಿಗೆ ಅಂಟಿತ್ತು. ಮೊದಲೇ ಹೀಗಿತ್ತೇನೋ, ಹಳೆಯದಲ್ಲವಾ ಎಂದು ನನಗೆ ನಾನೇ ಹೇಳಿಕೊಂಡೆ. ಬಿಗಿಯಾಗಿ ಸುತ್ತಿ ಕರಡಿಗೆಯಲ್ಲಿಟ್ಟು ಬೀರು ಮುಚ್ಚಿದೆ. ಕಂಬಳಿಯನ್ನು ಎರಡು ಸಲ ಒಗೆದೆ. ಗಂಡನಿಗೂ ಹೇಳಲಿಲ್ಲ.

ಹಬ್ಬಕ್ಕೆ ನಾಲ್ಕು ದಿನ ಇರುವಾಗ ಅಜ್ಜಾರು ಮನೆಗೆ ಬಂದರು. ಮೆಟ್ಟಿಲು ಹತ್ತುವಂತಿಲ್ಲ ಎಂದು ಡಾಕ್ಟರು ಹೇಳಿದ್ದರು. ಕಾರಿನಿಂದ ಇಳಿಯುತ್ತಲೇ ಕೇಳಿದ ಮೊದಲ ಮಾತು, "ಗುಡಿ ಹೆಂಗೈತವ್ವಾ?"

"ಚೆನ್ನಾಗೈತೆ ಅಜ್ಜಾರೆ."

ಆಗಲೇ ಹೇಳಬಹುದಿತ್ತು. ಹೇಳಿದ್ದರೆ ಮುಂಬಯಿಯವರು ಬರುವಾಗ ಇನ್ನೊಂದು ಸುರುಳಿಯನ್ನಾದರೂ ತರುತ್ತಿದ್ದರು. ಆ ಒಂದು ದಿನದ ಓದಾದರೂ ನಡೆಯುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆ ಉಳಿಸಿಕೊಂಡ ಮಾತಿನಿಂದ ಏನೇನು ಹೋಗುತ್ತದೆ ಎಂದು ಯಾರೂ ಹೇಳಲಿಲ್ಲ ನೋಡಿ. ನಾನು ನಾಲ್ಕು ದಿನ ಆ ಮನೆಗೆ ಗಂಜಿ ಒಯ್ದೆ, ಬಟ್ಟೆ ಒಗೆದೆ, ಗುಡಿಯ ಬೆಂಚುಗಳನ್ನೆಲ್ಲ ತೊಳೆದೆ. ಅದೊಂದನ್ನು ಮಾತ್ರ ಹೇಳಲಿಲ್ಲ.

ಹಬ್ಬದ ಮುಂಚಿನ ದಿನ ಒಂಬತ್ತು ಜನ ಬಂದರು. ಕೆಲವರು ಹೊಸದುರ್ಗ ರೋಡ್ ಸ್ಟೇಷನ್ನಿನಲ್ಲಿ ರೈಲಿಳಿದು, ಕೆಲವರು ಹಿರಿಯೂರಿನಲ್ಲಿ ಬಸ್ಸಿಳಿದು. ಎಲ್ಲರೂ ವಯಸ್ಸಾದವರೇ. ಒಬ್ಬರಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಅಜ್ಜಾರು ಒಬ್ಬೊಬ್ಬರ ಕೈಯನ್ನೂ ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು, "ಬರ್ರಿ, ಕುಂತ್ಕಳ್ರಿ" ಎಂದು ಅವರಿಗೆ ಅರ್ಥವಾಗದ ಕನ್ನಡದಲ್ಲೇ ಹೇಳುತ್ತಿದ್ದರು. ಸಂತೋಷಕ್ಕೆ ಮರಾಠಿ ಮರೆತೇ ಹೋಗಿತ್ತು. ಅವರು ಅಷ್ಟು ನಗುತ್ತಿದ್ದುದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಇಬ್ಬರು ಅಜ್ಜಾರನ್ನು ಕುರ್ಚಿಯ ಸಮೇತ ಎತ್ತಿ ಮಹಡಿಗೆ ಒಯ್ದರು. ನಾನು ಎಂದಿನಂತೆ ಮೆಟ್ಟಿಲ ಬಳಿ ನಿಂತೆ. ಹೋಗಿಬಿಡಬೇಕು ಎನಿಸಿತು, ಹೋಗಲಿಲ್ಲ. ಹಾಡು ಹೇಳಿದರು. ಬೀರು ತೆಗೆದು ಕರಡಿಗೆಯನ್ನು ಹೊರಗೆ ತಂದರು. ಅಜ್ಜಾರು ಕುರ್ಚಿಯಲ್ಲಿ ಕೂತೇ ಅದನ್ನು ಎದೆಗವಚಿಕೊಂಡರು. ಉಳಿದವರು ಸುತ್ತ ನಿಂತು ಚಪ್ಪಾಳೆ ತಟ್ಟುತ್ತಾ ಕುರ್ಚಿಯನ್ನೇ ಸುತ್ತಿದರು. ಆಮೇಲೆ ಮೇಜಿನ ಮೇಲಿಟ್ಟು ಬಿಚ್ಚಿದರು. ಅಜ್ಜಾರು ಬೆಳ್ಳಿಯ ಕಡ್ಡಿ ಹಿಡಿದು ಬಾಗಿದರು.

ಬಾಗಿದವರು ಹಾಗೇ ಇದ್ದರು. ಓದಲಿಲ್ಲ. ಸಂತೋಷಕ್ಕೆ ಗಂಟಲು ಕಟ್ಟಿದೆ ಎಂದು ಪಕ್ಕದವರು ಬೆನ್ನು ಸವರಿದರು. ಅಜ್ಜಾರು ಸುರುಳಿಯನ್ನು ಸ್ವಲ್ಪ ಮುಂದಕ್ಕೆ ತಿರುಗಿಸಿದರು, ಇನ್ನೂ ಸ್ವಲ್ಪ ತಿರುಗಿಸಿದರು. ಆಮೇಲೆ ಮುಖವನ್ನು ಚರ್ಮದ ಹತ್ತಿರ ಒಯ್ದು ಮೂಸಿದರು. ಅರವತ್ತು ವರ್ಷ ಗಾಣ ಆಡಿಸಿದ ಮೂಗು ಅದು. ಕಣ್ಣು ಮುಚ್ಚಿ ನಿಂತರೆ ಯಾವ ಡಬ್ಬದಲ್ಲಿ ಯಾವ ಎಣ್ಣೆ, ಯಾವ ತಿಂಗಳು ಹಿಂಡಿದ್ದು ಎಂದು ಹೇಳುತ್ತಿದ್ದರು.

ತಲೆಯೆತ್ತಿದರು. ಮೆಟ್ಟಿಲ ಕಡೆ ತಿರುಗಿ ನೋಡಲಿಲ್ಲ. ನೋಡಿದ್ದರೆ ನಾನು ಅಲ್ಲೇ ಎಲ್ಲ ಹೇಳಿಬಿಡುತ್ತಿದ್ದೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದೂ ಸುಳ್ಳಿರಬಹುದು. ಅಜ್ಜಾರು ಮರಾಠಿಯಲ್ಲಿ ನಿಧಾನವಾಗಿ ಮಾತಾಡಿದರು. ಅಷ್ಟು ವರ್ಷ ಕೇಳಿಸಿಕೊಂಡಿದ್ದ ನನಗೆ ಅಷ್ಟು ಅರ್ಥವಾಯಿತು. ಸೂರು ಸೋರಿದೆ. ನಾನು ಸರಿಯಾಗಿ ನೋಡಿಕೊಳ್ಳಲಿಲ್ಲ. ತಪ್ಪು ನನ್ನದು. ಇಷ್ಟೇ ಅವರು ಹೇಳಿದ್ದು.

ಬಂದವರಲ್ಲಿ ಒಬ್ಬರಿಗೆ ಸ್ವಲ್ಪ ಕನ್ನಡ ಬರುತ್ತಿತ್ತು. ಅವರು ಕೆಳಗಿಳಿದು ನೀರು ಕೇಳಿದಾಗ ನಾನು, "ತಿದ್ದಿಸಕ್ಕೆ ಆಗಲ್ವಾ?" ಅಂದೆ. ಒಂದೇ ಒಂದು ಅಕ್ಷರ ಅಳಿಸಿದರೂ ಇಡೀ ಸುರುಳಿಯನ್ನೇ ಓದಬಾರದಂತೆ. ಒಂದೆರಡು ಆಗಿದ್ದರೆ ತಿದ್ದುವವರನ್ನು ಹುಡುಕಬಹುದಿತ್ತಂತೆ, ಇಲ್ಲಿ ಸಾಲುಸಾಲೇ ಹೋಗಿವೆ, ಚರ್ಮವೂ ಸೀಳಿದೆ. "ಅದನ್ನ ನಾವು ಕೈಯಲ್ಲಿ ಸಹ ಮುಟ್ಟಲ್ಲ ತಾಯಿ, ಓದೋವಾಗ ಬೆಳ್ಳಿ ಬೆರಳಲ್ಲೇ ತೋರ್ಸೋದು. ಬೆರಳಿನ ಎಣ್ಣೆ ಸಹ ತಾಗಬಾರದು ಅಂತ ನಮ್ಮ ಹಿರಿಯರು ಹೇಳೋರು" ಎಂದು ಅವರು ನೀರು ಕುಡಿದು ಲೋಟ ಕೆಳಗಿಟ್ಟರು. ನಾನು ಆ ಲೋಟವನ್ನು ತೊಳೆದೆ. ಒಂದು ಲೋಟವನ್ನು ಎಷ್ಟು ಹೊತ್ತು ತೊಳೆಯಬಹುದೋ ಅಷ್ಟು ಹೊತ್ತು ತೊಳೆದೆ.

ಅವತ್ತು ಸಂಜೆ ಮಹಡಿಯ ಮೇಲೆ ಹತ್ತೂ ಜನ ಕೂತೇ ಇದ್ದರು. ಹಬ್ಬದ ದಿನವೂ ಶನಿವಾರದಂತೆಯೇ, ಸ್ವಿಚ್ಚು ಹಾಕುವಂತಿಲ್ಲ. ಹೊತ್ತು ಇಳಿಯಿತು, ಮಸುಕಾಯಿತು. ನಾನು ಮೆಟ್ಟಿಲ ಕೆಳಗೆ ಕಾದೆ. ಕತ್ತಲಾತು ನೋಡವ್ವಾ ಎಂಬ ಮಾತಿಗೆ ಕಾದೆ. ಅಜ್ಜಾರು ಅನ್ನಲಿಲ್ಲ. ಹೇಳದೇ ಇದ್ದದ್ದನ್ನು ಮಾಡುವ ಧೈರ್ಯ ನನಗೆ ಉಳಿದಿರಲಿಲ್ಲ. ಹೊತ್ತು ಮುಳುಗಿ ಹಬ್ಬ ಮುಗಿದರೂ ಯಾರೂ ಸ್ವಿಚ್ಚಿಗೆ ಕೈ ಹಾಕಲಿಲ್ಲ, ಹತ್ತು ಜನ ಮುದುಕರು ಕತ್ತಲಲ್ಲೇ ಕೂತಿದ್ದರು.

ಓದಲಾಗದ ಸುರುಳಿಯನ್ನು ಅವರು ಎಸೆಯುವುದಿಲ್ಲ, ಸುಡುವುದಿಲ್ಲ. ಸತ್ತ ಮನುಷ್ಯರನ್ನು ಹೂಳುವಂತೆ ಹೂಳುತ್ತಾರೆ. ಹಬ್ಬದ ಮಾರನೇ ದಿನ ನನ್ನ ಗಂಡ ದೊಡ್ಡದೊಂದು ಮಣ್ಣಿನ ಗುಡಾಣ ತಂದರು. ಗಾಣದ ಹಿಂದೆ, ಅಜ್ಜಿಯ ಗೋರಿಯ ಪಕ್ಕ ಗುಂಡಿ ತೋಡಿದರು. ಸುರುಳಿಗೆ ಬಿಳಿ ಬಟ್ಟೆ ಸುತ್ತಿ ಗುಡಾಣದಲ್ಲಿಳಿಸಿ ಬಾಯಿ ಮುಚ್ಚಿದರು. ಹೆಣಕ್ಕೆ ಹೇಳುವ ಪ್ರಾರ್ಥನೆ ಹೇಳಿದರು. ಅದಕ್ಕೂ ಹತ್ತು ಜನ ಬೇಕಂತೆ. ಇದ್ದರಲ್ಲ, ಸರಿಯಾಗಿ ಹತ್ತು ಜನ. ಹದಿನಾಲ್ಕು ವರ್ಷ ಕಾದು ಕೂಡಿಸಿದ ಹತ್ತು ಜನ ಮಣ್ಣು ಹಾಕಲಿಕ್ಕೆ ಒದಗಿದರು. ಮಧ್ಯಾಹ್ನದ ರೈಲಿಗೆ ಎಲ್ಲರೂ ಹೊರಟುಹೋದರು.

ಎರಡು ತಿಂಗಳ ನಂತರ ಒಂದು ಬೆಳಿಗ್ಗೆ ಅಜ್ಜಾರು ಕೋಲೂರಿಕೊಂಡು ನಮ್ಮ ಮನೆಯ ಬಾಗಿಲಿಗೆ ಬಂದರು. ಕಂಕುಳಲ್ಲಿ ಒಂದು ಬಾಟಲಿ.

"ಹರಳೆಣ್ಣೆ. ನಿಮ್ಮನೇಲಿ ಖಾಲಿ ಆಗಿರ್ಬೇಕಲ್ಲವ್ವಾ."

ನಾನು ಬಾಟಲಿ ಇಸಿದುಕೊಂಡೆ. "ಹೂಂ ಅಜ್ಜಾರೆ. ಖಾಲಿ ಆಗಿತ್ತು" ಅಂದೆ.

ಅವರು ಹೋಗಲಿಲ್ಲ. ಹೊಸ್ತಿಲ ಹೊರಗೆ ಕೋಲಿನ ಮೇಲೆ ಎರಡೂ ಕೈಯಿಟ್ಟು ನಿಂತಿದ್ದರು. ಬಾಯಿಬಿಟ್ಟು ಕೇಳುವುದು ಅವರ ಅಭ್ಯಾಸವಲ್ಲ. ನಾನೇ ತಿಳಿದುಕೊಳ್ಳಬೇಕಿತ್ತು. ತಿಳಿಯಿತು. ತಿಳಿಯಲಿಲ್ಲ ಅಂತ ಬರೆದರೆ ಸುಳ್ಳಾದೀತು. ಮೂವತ್ತು ವರ್ಷ ಅವರ ಒಂದೊಂದು ಮಾತಿನ ಹಿಂದಿನ ಮಾತನ್ನು ಹಿಡಿದವಳು, ಅದೊಂದನ್ನು ಹಿಡಿಯದೆ ಇರುತ್ತೇನೆಯೇ? "ಒಲೆ ಮೇಲೆ ಹಾಲಿಟ್ಟಿದೀನಿ ಅಜ್ಜಾರೆ" ಎಂದು ಒಳಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ. ತಿರುಗಿ ಬಂದಾಗ ಅವರು ಅಂಗಳ ದಾಟುತ್ತಿದ್ದರು.

ಅದು ಕ್ಷಮೆಯೋ, ಶಿಕ್ಷೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೇಳಿಕೊಳ್ಳಲು ಕೊಟ್ಟ ಅವಕಾಶ ಎಂದು ಒಂದು ದಿನ ಅನಿಸುತ್ತದೆ. ನಿನ್ನ ಕೆಲಸ ನನಗೆ ಗೊತ್ತು ಎಂದು ಹೇಳಿ ಹೋದರು ಎಂದು ಇನ್ನೊಂದು ದಿನ. ಬಾಟಲಿಯನ್ನು ಅಟ್ಟದ ಮೂಲೆಗೆ ತಳ್ಳಿದೆ. ಆಮೇಲೂ ಅವರು ನನ್ನ ಜೊತೆ ಮೊದಲಿನಂತೆಯೇ ಇದ್ದರು. ಶುಕ್ರವಾರ ಸಂಜೆ ಕರೆಂಟು ಹೋಗಿ ಬಂದರೆ, "ಕತ್ತಲಾತು ನೋಡವ್ವಾ" ಅನ್ನುತ್ತಿದ್ದರು. ನಾನು ಹೋಗಿ ದೀಪ ಹಾಕುತ್ತಿದ್ದೆ. ಗುಡಿಗೆ ಮಾತ್ರ ಅವರು ಮತ್ತೆ ಹತ್ತಲಿಲ್ಲ. ಸೊಂಟ ನೋವು ಅನ್ನುತ್ತಿದ್ದರು. ಟೀಚರಮ್ಮ ಎಂದು ಗೇಲಿ ಮಾಡುವುದೂ ನಿಂತಿತು.

ಮರುವರ್ಷ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಮುಂಬಯಿಗೆ ಫೋನು ಮಾಡಿದೆವು. ಆ ಒಂಬತ್ತರಲ್ಲಿ ಇಬ್ಬರು ಸತ್ತಿದ್ದರು, ನಾಲ್ವರಿಗೆ ಪ್ರಯಾಣ ಮಾಡಲು ಆಗುತ್ತಿರಲಿಲ್ಲ. ಹೆಣ ಹೆಚ್ಚು ಹೊತ್ತು ಇಡುವಂತಿಲ್ಲ, ಬೇರೆಯವರನ್ನು ಕೂಡಿಸಲು ಪುರುಸೊತ್ತಾಗದೆ ಮೂವರೇ ಬಂದರು. ಗುಂಡಿಯ ಸುತ್ತ ನನ್ನ ಗಂಡ, ಹಳೇ ಗಾಣದ ಆಳುಗಳು, ಬೀದಿಯವರು ಎಲ್ಲ ಸೇರಿ ಮೂವತ್ತು ಜನ ಇದ್ದರು. ಲೆಕ್ಕಕ್ಕೆ ಬರುವವರು ಮೂವರು. ನನ್ನ ಗಂಡ ಕೈ ಮುಗಿದು, "ನಾವೂ ನಿಂತ್ಕಂತೀವಿ, ಹತ್ತು ಅಂತ ಮಾಡ್ಕಳ್ರಿ" ಎಂದು ಬೇಡಿಕೊಂಡರು. ಬಂದವರು ತಲೆ ತಗ್ಗಿಸಿದರು, ಆಗುವುದಿಲ್ಲ. ಊರಿನ ಕಟ್ಟಕಡೆಯ ಶನಿವಾರದವರಿಗೆ ಅವರ ಸಾವಿನ ಪ್ರಾರ್ಥನೆ ಸಿಗಲಿಲ್ಲ. ಅವರ ಪಾಲಿನ ಪ್ರಾರ್ಥನೆಯನ್ನು ಒಂದು ಗುಡಾಣಕ್ಕೆ ಮೊದಲೇ ಹೇಳಿ ಮುಗಿಸಿಯಾಗಿತ್ತು. ಅದು ನನ್ನ ದೆಸೆಯಿಂದ.

ಗಂಡನೂ ಈಗಿಲ್ಲ. ಗಾಣದ ಕಟ್ಟಡ ಮಾರಾಟವಾಗಿ ಕೆಳಗೂ ಮೇಲೂ ಸಿಮೆಂಟಿನ ಗೋಡೌನು ಆಗಿದೆ. ನಾವು ಎರಡು ಬೀದಿ ಆಚೆ ಮನೆ ಮಾಡಿದ್ದೇವೆ, ಸಾಮಾನಿನ ಜೊತೆ ಆ ಬಾಟಲಿಯೂ ಬಂದು ಇಲ್ಲಿನ ಅಟ್ಟ ಸೇರಿತ್ತು. ಬಾಟಲಿ ಬಿದ್ದ ದಿನ ಶುಕ್ರವಾರವಾಗಿತ್ತು. ಚೀಲ ತೊಳೆದು, ನೆಲ ಒರೆಸಿ, ಅಂಗಡಿಗೆ ಹೋಗಿ ಬರುತ್ತೇನೆ ಎಂದು ಸೊಸೆಗೆ ಹೇಳಿ ಹೊರಟೆ. ಗೋಡೌನಿನ ಹಿಂದೆ ಜಾಲಿ ಬೆಳೆದಿದೆ. ಅಜ್ಜಿಯ ಗೋರಿ, ಅಜ್ಜಾರ ಗೋರಿ, ನಡುವೆ ಗುರುತಿಲ್ಲದ ಜಾಗ. ಗುರುತು ನನಗೊಬ್ಬಳಿಗೇ ಗೊತ್ತು.

"ಅಜ್ಜಾರೆ, ನಾನೇ ತಿಕ್ಕಿದ್ದು" ಅಂದೆ. ಜೋರಾಗಿಯೇ ಅಂದೆ. ಬರೀ ಮೂರು ಪದ, ಹೊಸ್ತಿಲ ಬಳಿ ಅವತ್ತು ಇದೇ ಮಾತು ಸಾಕಾಗಿತ್ತು.

ಸಿಮೆಂಟು ಇಳಿಸುತ್ತಿದ್ದ ಹಮಾಲಿಯೊಬ್ಬ ಇಣುಕಿದ. "ಯಾರನ್ನ ಕರೀತಿದೀರವ್ವಾ? ಇಲ್ಲಿ ಯಾರೂ ಇಲ್ಲ" ಅಂದ.

"ಹೂಂನಪ್ಪ, ಯಾರೂ ಇಲ್ಲ" ಅಂದೆ.

ಅವನು ಶಟರ್ ಎಳೆದು ಬೀಗ ಹಾಕಿಕೊಂಡು ಹೋದ. ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ. ಹೊತ್ತು ಮುಳುಗಿತು. ಮಹಡಿಯ ಕಿಟಕಿಗಳು ಕಪ್ಪಗಾದವು. ಅಲ್ಲಿನ ಸ್ವಿಚ್ಚು ಬಾಗಿಲ ಎಡಕ್ಕೆ, ಭುಜದ ಎತ್ತರಕ್ಕೆ ಇತ್ತು, ಕಣ್ಣು ಮುಚ್ಚಿ ಹಾಕುತ್ತಿದ್ದೆ. ಪೂರ್ತಿ ಕತ್ತಲಾಗುವವರೆಗೆ ಕೂತಿದ್ದೆ. ಕತ್ತಲಾತು ಅಂತ ಯಾರೂ ಅನ್ನಲಿಲ್ಲ.